ಟಿಕೆಟ್ ಉಚಿತ, ಮೆಟ್ಟಿಲು ಮೂರು

ಮುಂಬೈನ ತಗ್ಗು ನೆಲದ ಬಸ್ಸಿನಲ್ಲಿ ರ‍್ಯಾಂಪ್ ಬಿಚ್ಚಿ ವೀಲ್‌ಚೇರ್ ಹತ್ತಿಸುವುದನ್ನು ಕಂಡಿದ್ದೇನೆ. ನಮ್ಮೂರಿಗೆ ಬರುವುದು ದಿನಕ್ಕೆ ಎರಡೇ ಬಸ್ಸು: ಬೆಳಿಗ್ಗೆ ಸರ್ಕಾರಿ, ಸಂಜೆ ಖಾಸಗಿ. ಎರಡಕ್ಕೂ ಕಡಿದಾದ ಮೂರು ಮೆಟ್ಟಿಲು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಅಕ್ಕನಿಗೆ ಟಿಕೆಟ್ ಉಚಿತ. ಆದರೆ ವೀಲ್‌ಚೇರಿನಲ್ಲಿರುವ ಅವಳು ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಆಟೋಗೆ 600 ರೂಪಾಯಿ ತೆರುತ್ತಾಳೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಎಲ್ಲ ಬಗೆಯ ಸಾರಿಗೆಯೂ ಇವರಿಗೆ ಎಟುಕಬೇಕು. ಹಳೆಯ ವಾಹನಗಳನ್ನು ಮಾತ್ರ ತಾಂತ್ರಿಕವಾಗಿ ಸಾಧ್ಯವಿದ್ದರೆ, ಖರ್ಚು ಗಿಟ್ಟುವಂತಿದ್ದರೆ ಮಾರ್ಪಡಿಸಿದರೆ ಸಾಕು. ಒಂದೇ ಬಸ್ಸು ಇಟ್ಟುಕೊಂಡು ಹಳ್ಳಿದಾರಿಯಲ್ಲಿ ಓಡಿಸುವವರ ಕಷ್ಟ ನನಗೆ ಅರ್ಥವಾಗುತ್ತದೆ. ಲಿಫ್ಟ್ ಹಾಕಿಸಿ ಎಂದು ಪಟ್ಟು ಹಿಡಿದರೆ ರೂಟನ್ನೇ ಬಿಟ್ಟಾರು. ಆದರೆ ನಗರದಲ್ಲಿ ಒಂದು ಬಸ್ಸು ಹೋದರೆ ಇನ್ನೊಂದು ಬರುತ್ತದೆ. ಈ ವಿನಾಯಿತಿಯ ಭಾರ ಬೀಳುವುದು ಬೇರೆ ಬಸ್ಸೇ ಇಲ್ಲದವರ ಮೇಲೆ.

ಮಾಲೀಕರಿಗೆ ವಿನಾಯಿತಿ ಇರಲಿ. ಆ ಖರ್ಚನ್ನು ಅಕ್ಕನಂಥವರ ತಲೆಗೆ ಕಟ್ಟದೆ ಸರ್ಕಾರ ಹೊರಲಿ: ತಗ್ಗು ನೆಲದ ಸಣ್ಣ ಬಸ್ಸಿಗೆ ಸಹಾಯಧನ, ಅದು ಬರುವ ತನಕ ಆಟೋ ಬಾಡಿಗೆ. ಊರಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿಸಲು ನಾವು ಇಲ್ಲಿಂದಲೇ ಒಂದು ಫೋನ್ ಮಾಡಿದರೂ ಆದೀತು.