ಕುಡ್ಲೆಯಲ್ಲಿ ಕೋಣೆ ಸಿಗುತ್ತದೆಯೇ?

ಗೋಕರ್ಣ ಪೇಟೆಯಿಂದ ಗುಡ್ಡ ಹತ್ತಿ ಇಳಿದರೆ ಕುಡ್ಲೆ ತೀರ. ಅದರಾಚೆಯ ಗುಡ್ಡ ದಾಟಿದರೆ ಓಂ ಬೀಚ್. ಮಳೆಗಾಲದಲ್ಲಿ ಸಮುದ್ರ ಭೋರ್ಗರೆಯುತ್ತದೆ; ಬಾಡಿಗೆ ಕೋಣೆಗಳನ್ನು ಕೇಳುವವರು ಕಡಿಮೆ. ಇದು ಪ್ರತಿ ವರ್ಷದ ಮಾತು. ಉಳಿದ ತಿಂಗಳುಗಳ ಕಥೆ ಮಾತ್ರ ವರ್ಷಕ್ಕೊಂದು ಥರ.

ನಾವು ಇಳಿದುಕೊಂಡ ಮನೆಯ ಅಮ್ಮ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಹಬ್ಬ ಯಾವ ವಾರ ಎಂದು ನೋಡುತ್ತಾರಂತೆ. ನನ್ನ ಮಗಳು ಹಳೆಯವನ್ನೂ ತೆಗೆಸಿ ಲೆಕ್ಕಕ್ಕೆ ಕುಳಿತಳು. ಶಿವರಾತ್ರಿ 2024ರಲ್ಲಿ ಶುಕ್ರವಾರ, 2025ರಲ್ಲಿ ಬುಧವಾರ. ಕ್ರಿಸ್‌ಮಸ್ 2023ರಲ್ಲಿ ಸೋಮವಾರ, ಮರುವರ್ಷ ಬುಧವಾರ. ಶುಕ್ರವಾರವೋ ಸೋಮವಾರವೋ ಆದರೆ ಸಾಲು ರಜೆ, ಬೆಂಗಳೂರಿನ ಬಸ್ಸುಗಳೆಲ್ಲ ಭರ್ತಿ. ಬುಧವಾರವಾದರೆ ಬಂದವರು ರಾತ್ರಿಯೇ ಹೊರಟುಬಿಡುತ್ತಾರೆ!

“ಕ್ಯಾಲೆಂಡರಿನಲ್ಲಿ ಇಲ್ಲದ್ದೂ ಬರ್ತದೆ ಮಗಾ” ಎಂದರು ಅಮ್ಮ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ತೀರದಲ್ಲಿ ಏಡಿಗಳದ್ದೇ ರಾಜ್ಯ. ಆಮೇಲೆ ಲ್ಯಾಪ್‌ಟಾಪ್ ಹಿಡಿದು ಬಂದವರು ವಾರಗಟ್ಟಲೆ ಉಳಿದರು. ಅವರನ್ನು ನಂಬಿ ಅಮ್ಮ ಇನ್ನೆರಡು ಕೋಣೆ ಕಟ್ಟಿಸಿದರು. ಅಷ್ಟರಲ್ಲಿ ಆಫೀಸುಗಳು ತೆರೆದವು. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಗೋಕರ್ಣಕ್ಕೆ ಬರುವುದೋ ಬೇಡವೋ ಎಂದು ಕೇಳುವ ಫೋನುಗಳೇ ಫೋನುಗಳು. ಕೋಣೆ ಖಾಲಿಯಿದ್ದರೂ ಬ್ಯಾಂಕಿನ ಕಂತು ತಿಂಗಳು ತಪ್ಪಿಸುವುದಿಲ್ಲ.

ನಾವು ಹೋದದ್ದು ನವೆಂಬರಿನ ಒಂದು ಮಂಗಳವಾರ. ಸಮುದ್ರಕ್ಕೆದುರಿನ ಕೋಣೆಯೇ ಸಿಕ್ಕಿತು, ಬಾಡಿಗೆಯೂ ಇಳಿದಿತ್ತು. ಶಾಲೆಗೆ ರಜೆ ಹೊಂದುವುದಾದರೆ ನೀವೂ ವಾರದ ನಡುವೆ ಹೋಗಿ. ಅಮ್ಮನಿಗೂ ಆ ದಿನಗಳಲ್ಲೇ ಅತಿಥಿಗಳು ಬೇಕು.