ಕರಿ ನೂಲು, ಬಿಳಿ ನೂಲು

ನಮ್ಮ ಹಿಂದೂಪುರ, ಮಡಕಶಿರಾ ಸೀಮೆ ಅಂದರೆ ಬಿಸಿಲಿನ ಮಾತೇ ಹೆಚ್ಚು. ಆದರೆ ಪುಷ್ಯ ಮಾಸದ ಬೆಳಗಿನ ಜಾವ ಹೊಲಕ್ಕೆ ನೀರು ಕಟ್ಟೋಕೆ ಹೋದವರನ್ನು ಕೇಳಿ ನೋಡಿ. ಚಳಿ ಮೊದಲು ಹಿಡಿಯೋದು ಕಿವಿ, ಆಮೇಲೆ ಕುತ್ತಿಗೆ. ಹಿಂದೆ ಅದಕ್ಕೆ ಕಂಬಳಿ ಗೊಪ್ಪೆ ಇತ್ತು. ಕಂಬಳಿಯನ್ನು ಮಡಚಿ ತಲೆ ಮೇಲೆ ಹಾಕ್ಕೊಂಡರೆ ತಲೆ, ಕತ್ತು, ಬೆನ್ನು ಮೂರೂ ಬೆಚ್ಚಗೆ.

ನಮ್ಮ ಮಾವನವರ ಕಂಬಳಿ ಹರಿದು ಚಿಂದಿಯಾಗಿತ್ತು. ಹೋದ ಚಳಿಗಾಲ ಅವರಿಗೆ ಕತ್ತಿನ ಸುತ್ತು ಒಂದನ್ನು ಹೆಣೆದೆ. ಮಫ್ಲರಿನ ಹಾಗೆ ಅದಕ್ಕೆ ತುದಿ ಇರೋದಿಲ್ಲ. ಬಳೆಯ ಹಾಗೆ ದುಂಡಗೆ, ತಲೆಯಿಂದ ಇಳಿಸಿಕೊಂಡರೆ ಆಯಿತು. ಅಂಗಡಿಯಲ್ಲಿ ‘ಉಲ್ಲನ್’ ಅಂತ ಕೊಡೋದು ಬಹುಪಾಲು ಅಕ್ರಿಲಿಕ್, ಕುರಿಯದ್ದಲ್ಲ. ಅದಕ್ಕೇ ಕಲ್ಯಾಣದುರ್ಗದ ಕಡೆಯ ಒಂದು ಕಂಬಳಿ ನೇಯುವ ಮನೆಯಿಂದ ಕರಿ ನೂಲು, ಬಿಳಿ ನೂಲು ತರಿಸಿದೆ. ಎರಡೂ ಬಣ್ಣ ಹಾಕಿದ್ದಲ್ಲ, ಕುರಿಯ ಮೈಮೇಲೇ ಬಂದ ಬಣ್ಣ. ಕಂಬಳಿ ಗಡುಸಾಗಿರೋದು ನೂಲಿಗೆ ಹುಣಸೆ ಬೀಜದ ಸರಿ ಹಾಕೋದರಿಂದ. ನಾನು ಸರಿ ಹಾಕದ ನೂಲನ್ನೇ ಕೇಳಿದೆ. ಮರಿ ಕುರಿಯ ಮೊದಲ ಉಣ್ಣೆಯಾದರೆ ಇನ್ನೂ ಮೆತ್ತಗಿರುತ್ತೆ.

ನಮೂನೆಗೆ ಚುಕ್ಕಿ ರಂಗೋಲಿ ಸಾಕಾಯಿತು. ಮಕ್ಕಳ ಚೌಕಳಿ ನೋಟ್‌ಬುಕ್ಕಿನಲ್ಲಿ ಒಂದು ಚೌಕಕ್ಕೆ ಒಂದು ಕುಣಿಕೆ ಅಂತ ಬರೆದುಕೊಂಡೆ. ಒಂದು ಹೂವಿಗೆ 8 ಕುಣಿಕೆ, 12 ಹೂವಿಗೆ 96. ಇಲ್ಲಿ ಮಗ್ಗಿ ಬರಬೇಕು, ಇಲ್ಲದಿದ್ದರೆ ಕೊನೆಯ ಹೂವು ಅರ್ಧಕ್ಕೇ ನಿಲ್ಲುತ್ತೆ.

ಎರಡು ಬಣ್ಣದ ಹೆಣಿಗೆಯ ಗುಟ್ಟೆಲ್ಲ ಹಿಂಬದಿಯಲ್ಲಿದೆ. ಕಪ್ಪು ಹೆಣೆಯುವಾಗ ಬಿಳಿ ಎಳೆ ಹಿಂದೆ ಸಾಗುತ್ತೆ, ಬಿಳಿಯ ಸರದಿ ಬಂದಾಗ ಕಪ್ಪು ಹಿಂದೆ. ಹೀಗೆ ಎರಡು ಪದರವಾಗಿ ನಡುವೆ ಗಾಳಿ ನಿಲ್ಲುತ್ತೆ. ಬೆಚ್ಚಗಿಡೋದು ಆ ನಿಂತ ಗಾಳಿಯೇ. ಹಿಂದಿನ ಎಳೆ ಬಿಗಿಯಾದರೆ ಸುಕ್ಕುಗಟ್ಟಿ ತಲೆಯೊಳಗೆ ಇಳಿಯೋದಿಲ್ಲ, ಸಡಿಲವಾದರೆ ಬೆರಳು ಸಿಕ್ಕಿಕೊಳ್ಳುತ್ತೆ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಹೆಂಗಸರು ತಮ್ಮ ಕುರಿಗಳ ಉಣ್ಣೆಯಲ್ಲಿ ಇದೇ ಕ್ರಮದಲ್ಲಿ ಹೆಣೆದು ಹೆಸರಾದವರು. ಅವರ ಉಣ್ಣೆಗೆ ಲೋಕದಲ್ಲೆಲ್ಲ ಬೆಲೆ ಬಂತು.

ನಮ್ಮ ಉಣ್ಣೆಗೆ ಬರಲಿಲ್ಲ. ದಖ್ಖನಿ ಕುರಿಯ ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಗಿಟ್ಟೋದು ಕಷ್ಟ. ನೆಲ್ಲೂರು ಕುರಿಗೆ ಉಣ್ಣೆಯಿಲ್ಲ, ಬರೀ ಕೂದಲು. ಆದರೆ ಎತ್ತರದ ಮೈ, ಮಾಂಸಕ್ಕೆ ಒಳ್ಳೆ ರೇಟು. ನಮ್ಮ ಹಟ್ಟಿಯಲ್ಲೂ ಈಗ ಅದೇ ಹೆಚ್ಚು. ಹೊಟ್ಟೆಪಾಡಿನ ಮುಂದೆ ಯಾರನ್ನು ದೂರೋದು? ಆದರೆ ಉಣ್ಣೆಯ ಕುರಿ ಹೋದರೆ ನೂಲುವ ಅಜ್ಜಿಯೂ ಇಲ್ಲ, ಮಗ್ಗವೂ ಇಲ್ಲ. ದೇವರ ಮುಂದೆ ಗದ್ದುಗೆಗೆ ಹಾಸೋ ಕರಿ ಕಂಬಳಿ ಎಲ್ಲಿಂದ ತರೋಣ?

ಮಾವ ಅದನ್ನು ಹಾಕ್ಕೊಂಡು, “ಸ್ವಲ್ಪ ಚುಚ್ತೈತೆ ಕಣಮ್ಮ, ಆದ್ರೂ ಗೊಪ್ಪೆ ಹಾಕ್ಕೊಂಡಂಗೇ ಐತೆ” ಅಂದರು. ಒಳಗೆ ಹಳೇ ಪಂಚೆಯ ತುಂಡು ಹೊಲಿದುಕೊಟ್ಟೆ, ಚುಚ್ಚೋದು ನಿಂತಿತು.

ಮೇಷ್ಟ್ರುಗಳಲ್ಲಿ ಒಂದು ಮಾತು. ಮಕ್ಕಳಿಗೆ ಕೈಕೆಲಸ ಕಲಿಸುವಾಗ ಅಂಗಡಿಯ ಉಂಡೆಯ ಜೊತೆಗೆ ಕಂಬಳಿಯವರ ಮನೆಯ ನೂಲನ್ನೂ ಒಂದು ಲಡಿ ತರಿಸಿ. ಕೊಳ್ಳೋರು ಇದ್ದರೆ ನೂಲೋರು ಇರ್ತಾರೆ. ನೂಲೋರು ಇದ್ದರೆ ಹಟ್ಟಿಯಲ್ಲಿ ನಾಲ್ಕಾದರೂ ಕರಿ ಕುರಿ ಉಳಿದಾವು.