ಚುಕ್ಕಿ, ಗೀಟು, ಖಾಲಿ ಜಾಗ

ಗಂಗಾವತಿಯ ಅಕ್ಕಿ ಗಿರಣಿಯ ಆಫೀಸಿಗೆ ಹೋದರೆ ಗುಮಾಸ್ತರ ಮುಂದಿನ ಕಂಪ್ಯೂಟರುಗಳು ಎಲ್ಲರಿಗೂ ಕಾಣುತ್ತವೆ. ಮೂಲೆಯಲ್ಲಿ ತವುಡಿನ ಧೂಳು ಮೆತ್ತಿಕೊಂಡು, ಮಾನಿಟರೂ ಇಲ್ಲದೆ ಕೂತ ಡಬ್ಬ ಕಾಣುವುದಿಲ್ಲ. ಎಲ್ಲರ ಲೆಕ್ಕದ ಫೈಲುಗಳೂ ಇರುವುದು ಅದರಲ್ಲೇ. ಅದೇ ಫೈಲ್ ಸರ್ವರ್. ಕುಷ್ಟಗಿ, ಯಲಬುರ್ಗಾ ಅಂತ ಬಸ್ಸು ಹತ್ತಿಳಿದು ಇಂಥ ಡಬ್ಬಗಳನ್ನು ಜೋಡಿಸಿಕೊಡುವುದು ನನ್ನ ಹೊಟ್ಟೆಪಾಡು. ರುಚಿ ಹತ್ತಿರುವುದು ಮಾತ್ರ ಅವುಗಳ ಕೈಪಿಡಿಯದ್ದು. ಅದೂ ಕೈಪಿಡಿಯ ವಿಷಯದ್ದಲ್ಲ, ಅದರ ಅಚ್ಚುಜೋಡಣೆಯಲ್ಲಿ ಆಗಿರುವ ಎಡವಟ್ಟುಗಳದ್ದು. ಒಂದು ಪದಕ್ಕೆ ನಿಲ್ಲಬೇಕಿದ್ದ ದಪ್ಪಕ್ಷರ ಪುಟದ ಕೊನೆತನಕ ಹರಿದಿರುತ್ತದೆ. ಪಟ್ಟಿಯ ನಡುವಿನ ಒಂದು ಸಾಲು ಯಾರ ಹಂಗೂ ಇಲ್ಲದೆ ಎಡಕ್ಕೆ ಸರಿದಿರುತ್ತದೆ. ರಾತ್ರಿ ಊಟವಾದ ಮೇಲೆ ಇವನ್ನು ಹುಡುಕಿ ತಿದ್ದಲು ಕೂರುತ್ತೇನೆ.

"ಕಂಪ್ಯೂಟರಿನಾಗ ಅಕ್ಕಿ ಹಸನ ಮಾಡಾಕತ್ತೀಯೇನಪಾ?" ಅಂತಾಳೆ ಅವ್ವ.

"ಹೌದವ್ವಾ, ಆದ್ರ ಇಲ್ಲಿ ಹಳ್ಳೂ ಅಕ್ಕಿ ಬಣ್ಣದ್ದ ಐತಿ."

ಯೂನಿಕ್ಸ್ ವಂಶದ ಕೈಪಿಡಿಗಳು ಹೆಚ್ಚಾಗಿ ಇವತ್ತಿಗೂ ಟ್ರಾಫ್ ಎಂಬ ಭಾಷೆಯ ಮೂಲಕವೇ ಹೊರಬೀಳುತ್ತವೆ. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಮುದುಕ ಅದು. ಹಟಗಳೂ ಆ ವಯಸ್ಸಿಗೆ ತಕ್ಕಂತಿವೆ. ಸಾಲು ಚುಕ್ಕಿಯಿಂದ ಶುರುವಾಯಿತೋ, ಅದು ಓದುಗನಿಗೆ ಹೇಳಿದ ಮಾತಲ್ಲ, ತನಗೇ ಕೊಟ್ಟ ಆಜ್ಞೆ ಅಂದುಕೊಳ್ಳುತ್ತದೆ. ತೆರೆದಿರುವ ಫೈಲನ್ನು ಅಳಿಸಿದಾಗ, ಜಾಲದ ಮೇಲೆ ಫೈಲು ಹಂಚುವ ಎನ್‌ಎಫ್‌ಎಸ್ ಒಂದು ಹಂಗಾಮಿ ಫೈಲು ಹುಟ್ಟಿಸುತ್ತದೆ, ಅದರ ಹೆಸರು ಶುರುವಾಗುವುದೇ ಚುಕ್ಕಿಯಿಂದ. ಆ ಹೆಸರು ಕೈಪಿಡಿಯಲ್ಲಿ ಸಾಲಿನ ಮೊದಲಿಗೆ ಬಂದುಬಿಟ್ಟರೆ ಇಡೀ ಸಾಲೇ ಮಂಗಮಾಯ. ಬ್ಯಾಕ್‌ಸ್ಲ್ಯಾಶಿನ ಗೋಳು ಇನ್ನೊಂದು. ವಿಂಡೋಸ್‌ನಲ್ಲಿ ಸರ್ವರಿನ ಹೆಸರಿನ ಹಿಂದೆ ಅವು ಎರಡು ಬೇಕು, ಫೋಲ್ಡರಿನ ಹಿಂದೆ ಒಂದು. ಟ್ರಾಫ್‌ಗೋ ಬ್ಯಾಕ್‌ಸ್ಲ್ಯಾಶ್ ಕಂಡರೆ ಮುಂದಿನ ಅಕ್ಷರವೂ ಆಜ್ಞೆಯೇ. ಫೋಲ್ಡರಿನ ಹೆಸರು ಎಸ್‌ನಿಂದ ಶುರುವಾದರೆ, ಅಕ್ಷರದ ಗಾತ್ರ ಬದಲಿಸಲು ಹೇಳುತ್ತಿದ್ದಾರೆ ಅಂತ ಹೊರಟುಬಿಡುತ್ತದೆ. ಗೀಟಿನ ಕಥೆ ಎಲ್ಲಕ್ಕಿಂತ ನಯವಂಚಕ: ಹೈಫನ್ನೂ ಮೈನಸ್ಸೂ ಪರದೆಯ ಮೇಲೆ ಅವಳಿ-ಜವಳಿ, ಕಾಪಿ ಮಾಡಿ ಟರ್ಮಿನಲ್ಲಿಗೆ ಅಂಟಿಸಿದಾಗಲೇ ಬಣ್ಣ ಬಯಲು.

ಇವೆಲ್ಲ ಓದುಗನನ್ನು ಅರ್ಧ ಗಂಟೆ ಅಲೆದಾಡಿಸಿ ಬಿಡುವಂಥವು. ನನಗೆ ಬಹಳ ಇಷ್ಟವಾದ ತಪ್ಪು ಅಷ್ಟಕ್ಕೇ ಬಿಡುವಂಥದ್ದಲ್ಲ.

ಸನ್ ಮೈಕ್ರೋಸಿಸ್ಟಮ್ಸ್‌ನವರು 1984ರಲ್ಲಿ ತಂದ ಎನ್‌ಎಫ್‌ಎಸ್‌ನಲ್ಲಿ ಯಾವ ಫೋಲ್ಡರು ಯಾರ ಪಾಲಿಗೆ ಎಂಬುದನ್ನು ಎಕ್ಸ್‌ಪೋರ್ಟ್ಸ್ ಎಂಬ ಫೈಲಿನಲ್ಲಿ ಬರೆಯಬೇಕು. ಮೊದಲು ಫೋಲ್ಡರು, ಆಮೇಲೆ ಕಂಪ್ಯೂಟರಿನ ಹೆಸರು, ಆ ಹೆಸರಿಗೆ ಅಂಟಿಕೊಂಡೇ ಕಂಸದಲ್ಲಿ ಹಕ್ಕು: ಓದಬಹುದು, ಬರೆಯಬಹುದು. ಹೆಸರಿಗೂ ಕಂಸಕ್ಕೂ ನಡುವೆ ಒಂದು ಖಾಲಿ ಜಾಗ ಬಿತ್ತೆನ್ನಿ. ಸರ್ವರ್ ಅದನ್ನು ಎರಡು ಬೇರೆ ಮಾತಾಗಿ ಓದುತ್ತದೆ. ಹೆಸರಿದ್ದ ಕಂಪ್ಯೂಟರಿಗೆ ಬರೀ ಓದುವ ಹಕ್ಕು, ಉಳಿದ ಲೋಕಕ್ಕೆಲ್ಲ ಬರೆಯುವ ಹಕ್ಕು!

ಇದನ್ನೇ ಕೈಪಿಡಿಯಲ್ಲಿ ಉದಾಹರಣೆಯಾಗಿ ಕೊಡಬೇಕು, ಹೆಸರು ದಪ್ಪಕ್ಷರದಲ್ಲಿ, ಕಂಸ ತೆಳ್ಳಗೆ. ಅದಕ್ಕೆ ಚುಕ್ಕಿ-ಬಿ-ಆರ್ ಎಂಬ ಆಜ್ಞೆ ಇದೆ. ಬಿ ಅಂದರೆ ಬೋಲ್ಡ್, ಆರ್ ಅಂದರೆ ರೋಮನ್. ಎರಡನ್ನೂ ಒಂದಕ್ಕೊಂದು ಅಂಟಿಸಿಯೇ ತೋರಿಸುತ್ತದೆ. ಆರ್ ಬಿಟ್ಟು ಬರೀ ಚುಕ್ಕಿ-ಬಿ ಹೊಡೆದರೆ ಎರಡೂ ದಪ್ಪಗಾಗುತ್ತವೆ, ಜೊತೆಗೆ ನಡುವೆ ಖಾಲಿ ಜಾಗವೂ ಹಾಗೇ ಉಳಿಯುತ್ತದೆ. ಓದುವವನಿಗೆ ಏನೂ ಅನ್ನಿಸುವುದಿಲ್ಲ. ಅದನ್ನು ನೋಡಿಕೊಂಡು ತನ್ನ ಸರ್ವರಿಗೆ ಇಳಿಸಿದವನ ಗತಿ ಮಾತ್ರ ಮುಗಿಯಿತು. ಯಾವುದೋ ಕಚೇರಿಯ ಒಳಬಳಕೆಯ ಕೈಪಿಡಿಯಲ್ಲಿ ಇಂಥದ್ದೊಂದು ಸಿಕ್ಕ ರಾತ್ರಿ ಖುಷಿ ತಡೆಯಲಾಗದೆ ಹೆಂಡತಿಯನ್ನು ಕರೆದು ತೋರಿಸಿದೆ.

"ಒಂದ್ ಆರ್ ಹಾಕಾಕ ಇಷ್ಟೊತ್ತನ ಕುಂತಿದ್ರ್ಯಾ?" ಅಂದಳು.

ಈ ಚಟ ಕಂಪ್ಯೂಟರ್ ಬಿಟ್ಟು ಹೊರಗೂ ಕಾಡುತ್ತದೆ. ಕೊಪ್ಪಳದ ಗವಿಮಠಕ್ಕೆ ಹೋದರೆ ಬಂಡೆಯ ಮೇಲಿನ ಅಶೋಕನ ಶಾಸನದ ಅರ್ಥಕ್ಕಿಂತ ಮೊದಲು ಸಾಲುಗಳ ಅಂಚು ನೋಡುತ್ತೇನೆ. ಆಂಧ್ರದ ಎರ್ರಗುಡಿಯಲ್ಲಿ ಅದೇ ಅಶೋಕನ ಶಾಸನದ ಕೆಲವು ಸಾಲುಗಳನ್ನು ಲಿಪಿಕಾರ ಬಲದಿಂದ ಎಡಕ್ಕೆ ಕೊರೆದಿದ್ದಾನೆ. ಬ್ರಾಹ್ಮಿಯೋ ಎಡದಿಂದ ಬಲಕ್ಕೆ ಓಡುವ ಲಿಪಿ. ಕಲ್ಲಿಗೆ ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸಲು ಬರುವುದಿಲ್ಲವಲ್ಲ ಅಂತ ನನಗೆ ಹೊಟ್ಟೆಯುರಿ.

ಪ್ಯಾಚ್ ಕಳಿಸುವುದಕ್ಕೂ ಒಂದು ಶಿಸ್ತಿದೆ. ಒಂದು ಪ್ಯಾಚಿನಲ್ಲಿ ಒಂದೇ ಬಗೆಯ ತಪ್ಪು ತಿದ್ದಬೇಕು. ಪಕ್ಕದ ಸಾಲಿನಲ್ಲಿ ಇನ್ನೊಂದು ಹಲ್ಲು ಕಿರಿದು ನಿಂತಿದ್ದರೂ ಕೈ ಹಾಕಬಾರದು. ನನಗೆ ಇದಕ್ಕಿಂತ ಕಠಿಣ ವ್ರತ ಇನ್ನೊಂದಿಲ್ಲ. ಜೊತೆಗೆ, ತಪ್ಪು ಹುಟ್ಟಿದ ಜಾಗದಲ್ಲೇ ಅದನ್ನು ಹಿಡಿಯಬೇಕು. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ 1992ರಲ್ಲಿ ಶುರುಮಾಡಿದ, ವಿಂಡೋಸ್ ಕಂಪ್ಯೂಟರುಗಳಿಗೆ ಫೈಲು ಹಂಚುವ ಸಾಂಬಾದ ಕೈಪಿಡಿಯ ಮೂಲ ಈಗ ಡಾಕ್‌ಬುಕ್ ಎಕ್ಸ್‌ಎಂಎಲ್‌ನಲ್ಲಿದೆ, ಟ್ರಾಫ್ ಪುಟ ಅದರಿಂದ ತಾನಾಗಿ ಹೊರಬರುತ್ತದೆ. ಆ ಪುಟವನ್ನೇ ತಿದ್ದಿ ಬೀಗಿದರೆ ಮುಂದಿನ ಸಲ ಹಳೇ ತಪ್ಪೇ ನಗುತ್ತಾ ಎದುರು ನಿಲ್ಲುತ್ತದೆ.

ಸದ್ಯ ಸಾಂಬಾದ ದೊಡ್ಡ ಪುಟವನ್ನೇ ಕೈಗೆತ್ತಿಕೊಂಡಿದ್ದೇನೆ. ನೂರಾರು ಆಯ್ಕೆಗಳು ಅಕಾರಾದಿಯಾಗಿ ಇಳಿದು ಹೋಗಿವೆ. ಭತ್ತದ ಸುಗ್ಗಿ ಶುರುವಾದರೆ ಗಿರಣಿಯವರ ಫೋನು ಕೂರಲು ಬಿಡುವುದಿಲ್ಲ, ಅಷ್ಟರೊಳಗೆ 'ಪಿ' ಮುಟ್ಟಬೇಕು. ಪ್ರಿಂಟರಿನ ಕೆಲವು ಆಯ್ಕೆಗಳು ಅಲ್ಲಿವೆ. ಗೀಟು, ಶೇಕಡಾ ಚಿಹ್ನೆಗಳ ಸಂತೆಯೇ ನೆರೆದಿದೆ.